ಎರಡು ಒಂಟೆ, ಒಂಟಿ ರಾಜ

ಚದುರಂಗದ ಹಲಗೆಯಲ್ಲಿ ಒಬ್ಬರ ಬಳಿ ರಾಜ ಮತ್ತು ಎರಡು ಒಂಟೆ, ಎದುರಾಳಿಯ ಬಳಿ ಬರಿ ರಾಜ ಉಳಿದರೆ ಗೆಲುವು ಒಂಟೆಗಳಿದ್ದವರದು. ಒಂದು ಒಂಟೆ ಬಿಳಿಮನೆಗಳಲ್ಲಿ, ಇನ್ನೊಂದು ಕರಿಮನೆಗಳಲ್ಲಿ ಓಡಾಡುವಂಥದ್ದಾಗಿರಬೇಕು, ಷರತ್ತು ಅದೊಂದೇ. ಕಂಪ್ಯೂಟರುಗಳು ಎಲ್ಲ ಸಾಧ್ಯತೆಗಳನ್ನೂ ಜಾಲಾಡಿ ಕೊಟ್ಟ ಲೆಕ್ಕದ ಪ್ರಕಾರ, ಒಂಟಿ ರಾಜ ಎಷ್ಟೇ ಜಾಣತನದಿಂದ ತಪ್ಪಿಸಿಕೊಂಡರೂ ಹೆಚ್ಚೆಂದರೆ 19 ನಡೆಗಳಲ್ಲಿ ಚೆಕ್‌ಮೇಟ್ ಆಗುತ್ತದೆ. ಇದೇ ಕೆಲಸಕ್ಕೆ ರಾಣಿಯಿದ್ದರೆ 10 ನಡೆ ಸಾಕು, ಒಂದು ಆನೆಯಿದ್ದರೆ 16. ಒಂಟೆ ಮತ್ತು ಕುದುರೆಯ ಜೋಡಿಗೆ 33 ನಡೆಯವರೆಗೂ ಬೇಕಾದೀತು. ಎರಡು ಕುದುರೆಗಳಿಂದಂತೂ ಎದುರಾಳಿ ತಾನಾಗಿ ಎಡವದ ಹೊರತು ಮೇಟ್ ಮಾಡಲಾಗದು. ಕಷ್ಟದ ಲೆಕ್ಕದಲ್ಲಿ ಎರಡು ಒಂಟೆಗಳ ಪಾಠ ನಡುವಿನದು. ಆನೆಯ ಪಾಠದಷ್ಟು ಸಲೀಸಲ್ಲ, ಒಂಟೆ-ಕುದುರೆಯ ಪಾಠದಷ್ಟು ತಲೆನೋವಿನದೂ ಅಲ್ಲ.

ಕನ್ನಡದ ಆಟಗಾರರು ಒಂಟೆ ಎನ್ನುವ ಈ ಕಾಯಿಗೆ ಊರೂರಿಗೂ ಒಂದೊಂದು ಹೆಸರು. ಇಂಗ್ಲಿಷರಿಗೆ ಇದು ಬಿಷಪ್, ಅಂದರೆ ಪಾದ್ರಿಗಳ ಹಿರಿಯ. ಫ್ರೆಂಚರಿಗೆ ಅರಮನೆಯ ವಿದೂಷಕ, ಜರ್ಮನರಿಗೆ ಓಟಗಾರ. ರಷ್ಯನ್ನರು ಇವತ್ತಿಗೂ ಇದನ್ನು ‘ಸ್ಲೋನ್’ ಎನ್ನುತ್ತಾರೆ. ಆ ಮಾತಿನ ಅರ್ಥ ಆನೆ. ಸ್ಪೇನಿನವರ ‘ಅಲ್ಫಿಲ್’ ಕೂಡ ಅರಬ್ಬಿಯಿಂದ ಬಂದ ಆನೆಯೇ. ಹಳೆಯ ಹೆಸರನ್ನು ಉಳಿಸಿಕೊಂಡವರು ಇವರಿಬ್ಬರು. ಭಾರತದಿಂದ ಪರ್ಷಿಯಾಕ್ಕೆ ಹೋಗಿ ಶತ್ರಂಜ್ ಎನಿಸಿಕೊಂಡ ಆಟದಲ್ಲಿ ಈ ಜಾಗದಲ್ಲಿ ನಿಂತಿದ್ದದ್ದು ಆನೆ. ನಮ್ಮಲ್ಲಿ ಆನೆ ಹಲಗೆಯ ಮೂಲೆಗೆ ಸರಿದು, ಅದು ಬಿಟ್ಟ ಮನೆಗೆ ಒಂಟೆ ಬಂದು ನಿಂತಿದೆ.

ಹೆಸರು ಬದಲಾದುದಕ್ಕಿಂತ ನಡೆ ಬದಲಾದುದು ದೊಡ್ಡ ಸಂಗತಿ. ಶತ್ರಂಜಿನ ಆನೆ ಓರೆಯಾಗಿ ಸರಿಯಾಗಿ ಎರಡನೆಯ ಮನೆಗೆ ಹಾರುತ್ತಿತ್ತು. ಪಕ್ಕದ ಮನೆಗೂ ಇಲ್ಲ, ಮೂರನೆಯದಕ್ಕೂ ಇಲ್ಲ. ಹಾಗಾಗಿ 64 ಮನೆಗಳ ಹಲಗೆಯಲ್ಲಿ ಒಂದು ಆನೆ ತನ್ನ ಜೀವಮಾನವಿಡೀ ತಿರುಗಿದರೂ ಮುಟ್ಟಬಹುದಾದದ್ದು ಎಂಟೇ ಮನೆ. ಒಬ್ಬರ ಎರಡು ಆನೆಗಳೂ ಸೇರಿದರೆ 16. ಅಂಥ ಜೋಡಿಯಿಂದ ರಾಜನನ್ನು ಕಟ್ಟಿಹಾಕುವ ಮಾತೇ ಇರಲಿಲ್ಲ. ಅಂದಿನ ನಿಯಮದಲ್ಲಿ ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ರಾಜನನ್ನು ಒಂಟಿ ಮಾಡಿದರೂ ಗೆಲುವು ಸಿಗುತ್ತಿದ್ದುದರಿಂದ ಅದರ ಅಗತ್ಯವೂ ಬೀಳುತ್ತಿರಲಿಲ್ಲ. ಹದಿನೈದನೆಯ ಶತಮಾನದ ಕೊನೆಗೆ ಸ್ಪೇನ್ ಮತ್ತು ಇಟಲಿಯ ಕಡೆ ರಾಣಿಗೂ ಈ ಕಾಯಿಗೂ ಈಗಿನ ಉದ್ದನೆಯ ಓಟ ಬಂತು. 1497ರಲ್ಲಿ ಸಲಮಾಂಕಾದಲ್ಲಿ ಅಚ್ಚಾದ ಲುಸೆನಾನ ಪುಸ್ತಕದಲ್ಲಿ ಹಳೆಯ ಮತ್ತು ಹೊಸ ಎರಡೂ ಬಗೆಯ ಆಟಗಳು ಅಕ್ಕಪಕ್ಕದಲ್ಲಿವೆ. ಎರಡು ಒಂಟೆಗಳ ಮೇಟ್ ಹುಟ್ಟಿದ್ದು ಆ ಹೊಸ ಆಟದಲ್ಲಿ.

ಹೊಸ ಒಂಟೆಗೆ ಓಟ ಬಂದರೂ ಹಳೆಯ ಶಾಪ ಅರ್ಧ ಉಳಿದಿದೆ. ಬಿಳಿಮನೆಯಲ್ಲಿ ಹುಟ್ಟಿದ್ದು ಬಿಳಿಮನೆಯಲ್ಲೇ ಸಾಯಬೇಕು. ಹಲಗೆಯ ನಡುವೆ ನಿಂತರೆ 13 ಮನೆಗಳನ್ನು ಕಾಯುತ್ತದೆ, ಅಂಚಿಗೆ ಹೋದರೆ ಏಳನ್ನಷ್ಟೇ. ಎಲ್ಲಿ ನಿಂತರೂ ಅರ್ಧ ಹಲಗೆ ಅದಕ್ಕೆ ಕಾಣಿಸುವುದೇ ಇಲ್ಲ. ಒಂಟೆ ಚೆಕ್ ಕೊಟ್ಟರೆ ರಾಜ ಪಕ್ಕದ ಇನ್ನೊಂದು ಬಣ್ಣದ ಮನೆಗೆ ಕಾಲಿಟ್ಟು ಸುಮ್ಮನಾಗುತ್ತಾನೆ. ಒಂದೇ ಒಂಟೆ ಉಳಿದಾಗ ಆಟ ಅಲ್ಲಿಗೇ ಡ್ರಾ ಆಗುವುದು ಇದರಿಂದ.

ಕಾಲಾಳು ಕೊನೆಯ ಸಾಲು ಮುಟ್ಟಿದಾಗ ಒಂಟೆಯನ್ನೇ ಕೇಳಿ ಪಡೆದು, ಒಂದೇ ಬಣ್ಣದ ಎರಡು ಒಂಟೆ ಇಟ್ಟುಕೊಂಡರೂ ಫಲವಿಲ್ಲ. ಕಾರಣವನ್ನು ಬೆರಳಿಟ್ಟು ತೋರಿಸಬಹುದು. ಹಲಗೆಯ ಉದ್ದಸಾಲುಗಳನ್ನು ಬಿಳಿಯವರ ಎಡದಿಂದ ಬಲಕ್ಕೆ ಎ ಇಂದ ಎಚ್‌ವರೆಗೆ, ಅಡ್ಡಸಾಲುಗಳನ್ನು ಅವರ ಕಡೆಯಿಂದ 1ರಿಂದ 8ರವರೆಗೆ ಗುರುತಿಸುವುದು ರೂಢಿ. ಒಂಟಿ ರಾಜ ಎ8ರ ಮೂಲೆಯಲ್ಲಿದ್ದಾನೆ ಎನ್ನೋಣ. ಅದು ಬಿಳಿಮನೆ. ಅವನ ಪಕ್ಕದ ಎ7 ಮತ್ತು ಬಿ8 ಎರಡೂ ಕರಿಮನೆಗಳು. ಬಿಳಿಮನೆಯ ಒಂಟೆಗಳು ಎಷ್ಟಿದ್ದರೂ ಆ ಎರಡನ್ನು ಮುಟ್ಟಲಾರವು, ಅವನ್ನು ಮುಚ್ಚುವ ಹೊಣೆ ರಾಜನ ಮೇಲೆ ಬೀಳುತ್ತದೆ. ಎ7, ಬಿ8 ಎರಡಕ್ಕೂ ತಾಗುವ ಮನೆ ಬಿ7 ಒಂದೇ, ಅದು ಎ8ಕ್ಕೂ ತಾಗುತ್ತದೆ. ರಾಜನ ಪಕ್ಕದಲ್ಲಿ ರಾಜ ನಿಲ್ಲುವಂತಿಲ್ಲ. ಮೂಲೆಯಲ್ಲೇ ಆಗದ್ದು ಬಯಲಲ್ಲಿ ಆದೀತೆ? ಒಂದು ಬಣ್ಣದ ಒಂಟೆಗಳು ಎರಡಿದ್ದರೂ ಐದಿದ್ದರೂ ಅಷ್ಟೇ.

ಬೇರೆ ಬೇರೆ ಬಣ್ಣದ ಒಂಟೆಗಳು ಜೊತೆಯಾದಾಗ ಲೆಕ್ಕವೇ ಬೇರೆ. ಒಂದು ಕಾಣದ ಅರ್ಧವನ್ನು ಇನ್ನೊಂದು ನೋಡುತ್ತದೆ. ಆದರೂ ಇವೆರಡನ್ನು ಹಲಗೆಯ ಎರಡು ಕೊನೆಗಳಲ್ಲಿ ಬಿಟ್ಟು ಸಿಕ್ಕಸಿಕ್ಕಲ್ಲಿ ಚೆಕ್ ಕೊಡುತ್ತಾ ಹೋದರೆ ಏನೂ ಆಗುವುದಿಲ್ಲ. ಜೋಡಿಯ ಬಲ ಇರುವುದು ಅವು ಪಕ್ಕಪಕ್ಕದಲ್ಲಿ ನಿಂತಾಗ. ಬಿಳಿಮನೆಯ ಒಂಟೆಯನ್ನು ಡಿ3ರಲ್ಲಿ, ಕರಿಮನೆಯದನ್ನು ಇ3ರಲ್ಲಿ ಇಟ್ಟು ನೋಡಬೇಕು. ಒಂದೊಂದರಿಂದ ಎಡಕ್ಕೂ ಬಲಕ್ಕೂ ಒಂದೊಂದು ಓರೆಸಾಲು ಮೇಲೇರುತ್ತದೆ. ಎಡಗಡೆ ಸಿ4, ಬಿ5, ಎ6 ಒಂದು ಸಾಲು; ಅದಕ್ಕೆ ಅಂಟಿಕೊಂಡೇ ಡಿ4, ಸಿ5, ಬಿ6, ಎ7 ಇನ್ನೊಂದು. ಬಲಗಡೆಯೂ ಹೀಗೆಯೇ ಇ4, ಎಫ್5, ಜಿ6, ಎಚ್7 ಮತ್ತು ಎಫ್4, ಜಿ5, ಎಚ್6. ಅಂದರೆ ಎರಡೆಳೆಯ ಬೇಲಿ. ಒಂದೇ ಎಳೆಯ ಓರೆ ಬೇಲಿಯಾಗಿದ್ದರೆ ರಾಜ ಇನ್ನೊಂದು ಬಣ್ಣದ ಸಂದಿಯಿಂದ ನುಸುಳುತ್ತಿದ್ದ, ಎರಡೆಳೆಯಲ್ಲಿ ಸಂದಿಯಿಲ್ಲ.

ಈ ಬೇಲಿಯ ಮೇಲ್ಗಡೆ ಸಿಕ್ಕಿಬಿದ್ದ ರಾಜನಿಗೆ ಉಳಿಯುವ ಜಾಗವನ್ನು ಎಣಿಸಬಹುದು. ಐದನೆಯ ಸಾಲಿನಲ್ಲಿ ಎರಡು ಮನೆ, ಆರನೆಯದರಲ್ಲಿ ನಾಲ್ಕು, ಏಳನೆಯದರಲ್ಲಿ ಆರು, ಕೊನೆಯದರಲ್ಲಿ ಎಂಟು. ಒಟ್ಟು 20. ಒಂಟೆಗಳು ಒಂದು ಸಾಲು ಮೇಲೇರಿ ಡಿ4, ಇ4ಕ್ಕೆ ಬಂದರೆ ಅದು 12ಕ್ಕೆ ಇಳಿಯುತ್ತದೆ. ಇನ್ನೊಂದು ಸಾಲು ಏರಿ ಡಿ5, ಇ5ರಲ್ಲಿ ನಿಂತರೆ ಉಳಿಯುವುದು ಆರೇ ಆರು: ಡಿ7, ಇ7 ಮತ್ತು ಅವುಗಳ ಮೇಲಿನ ಸಿ8, ಡಿ8, ಇ8, ಎಫ್8. ದನವನ್ನು ದೊಡ್ಡಿಗೆ ಕೂಡಿದ ಹಾಗೆ.

ಬೇಲಿಗೆ ಇನ್ನೊಂದು ಗುಣವಿದೆ, ಕಲಿಯುವವರು ಇದನ್ನು ಬಹಳ ತಡವಾಗಿ ಗಮನಿಸುತ್ತಾರೆ. ಪಕ್ಕಪಕ್ಕದ ಒಂಟೆಗಳ ಎದುರಿಗಿರುವ ಮನೆಗಳನ್ನು ಅವೇ ಒಂದಕ್ಕೊಂದು ಕಾಯುತ್ತವೆ. ಡಿ5ರ ಒಂಟೆಯ ನೇರ ಮುಂದಿನ ಡಿ6ನ್ನು ಇ5ರ ಒಂಟೆ ನೋಡಿಕೊಳ್ಳುತ್ತದೆ, ಇ5ರ ಮುಂದಿನ ಇ6ನ್ನು ಡಿ5ರದು. ಒಳಗಿನ ರಾಜ ಬೇಲಿಯ ಹತ್ತಿರ ಬಂದು ಒಂಟೆಯನ್ನು ಹೊಡೆಯುವುದಿರಲಿ, ಮುಟ್ಟುವ ದೂರಕ್ಕೂ ಬರಲಾರ. ಹಾಗಾಗಿ ಗೆಲ್ಲುವ ಕಡೆಯ ರಾಜ ಕಾವಲು ಕೂರಬೇಕಿಲ್ಲ, ನಿಶ್ಚಿಂತೆಯಿಂದ ನಡೆದು ಬರಬಹುದು.

ಅವನು ಬರಲೇಬೇಕು ಕೂಡ. ಒಂಟೆಗಳು ದೊಡ್ಡಿ ಕಟ್ಟಬಲ್ಲವು, ಆದರೆ ತಾವೇ ಮೇಟ್ ಮಾಡಲಾರವು. ಬೇಲಿಯನ್ನು ಒಂದು ಸಾಲು ಮುಂದೆ ಸರಿಸಲು ಎರಡು ನಡೆ ಬೇಕು, ಒಂದು ಒಂಟೆ ಹೋಗಿ ಇನ್ನೊಂದು ಇನ್ನೂ ಹೋಗದ ಆ ಒಂದು ನಡೆಯಲ್ಲಿ ಕಿಂಡಿ ತೆರೆಯುತ್ತದೆ. ಒಂಟಿ ರಾಜ ಆ ಕಿಂಡಿಯಲ್ಲಿ ಹೊರಬಂದಾನು, ಇಲ್ಲವೇ ಒಂಟಿಯಾಗಿ ನಿಂತ ಒಂಟೆಯ ಮೇಲೆ ಬಿದ್ದಾನು. ಆಗ ಕಿಂಡಿಗೆ ಅಡ್ಡ ನಿಲ್ಲುವುದು, ಸರಿದ ಒಂಟೆಗೆ ಬೆಂಬಲವಾಗುವುದು ಗೆಲ್ಲುವ ಕಡೆಯ ರಾಜನ ಕೆಲಸ. ಒಂಟೆಗಳನ್ನು ಮೊದಲು ಓಡಿಸಿ ರಾಜನನ್ನು ಹಿಂದೆ ಬಿಡುವವರ ಆಟ ಸಾಮಾನ್ಯವಾಗಿ ಇಲ್ಲೇ ಕೆಡುತ್ತದೆ.

ಮೂಲೆ ಯಾವುದು ಎಂಬ ಪ್ರಶ್ನೆ ಈ ಅಂತ್ಯಾಟದಲ್ಲಿ ಇಲ್ಲ. ಒಂಟೆ-ಕುದುರೆಯ ಜೋಡಿ ಎದುರಾಳಿಯನ್ನು ಒಂಟೆಯ ಬಣ್ಣದ ಮೂಲೆಗೇ ದೂಡಬೇಕು, ಅದರ ಕಷ್ಟದ ಅರ್ಧ ಪಾಲು ಅಲ್ಲೇ ಇದೆ. ಎರಡು ಒಂಟೆಗಳಿಗೆ ನಾಲ್ಕು ಮೂಲೆಗಳೂ ಸಮ. ಹಲಗೆಯ ಅಂಚಿನ ನಡುವೆಯೂ ಮೇಟ್ ಆಗುವ ಚಿತ್ರಗಳಿವೆ: ಬಿಳಿ ರಾಜ ಡಿ6ರಲ್ಲಿ, ಒಂಟೆಗಳು ಡಿ7 ಮತ್ತು ಜಿ5ರಲ್ಲಿ, ಒಂಟಿ ರಾಜ ಡಿ8ರಲ್ಲಿ. ನೋಡಲು ಚೆಂದ, ಆದರೆ ಎದುರಾಳಿ ಸಹಕರಿಸಿದರೆ ಮಾತ್ರ ಸಿಗುವಂಥದ್ದು. ಕಣ್ಣು ತೆರೆದು ಆಡುವ ರಾಜನನ್ನು ಮೂಲೆಗೇ ಒಯ್ಯಬೇಕು.

ಮೂಲೆಯ ಕೆಲಸವನ್ನು ಒಂದು ಉದಾಹರಣೆಯಲ್ಲಿ ಪೂರ್ತಿ ನೋಡಬಹುದು. ಹಲಗೆ ಎದುರಿಗಿದ್ದರೆ ಒಳ್ಳೆಯದು. ಬಿಳಿ ರಾಜ ಸಿ4ರಲ್ಲಿ. ಬಿಳಿಮನೆಯ ಒಂಟೆ ಬಿ5ರಲ್ಲಿ, ಕರಿಮನೆಯದು ಸಿ5ರಲ್ಲಿ. ಒಂಟಿ ಕಪ್ಪು ರಾಜ ಬಿ7ರಲ್ಲಿ. ಮೊದಲ ನಡೆ ಬಿಳಿಯವರದು. ಬೇಲಿ ಆಗಲೇ ಸಿದ್ಧವಿದೆ. ಕಪ್ಪು ರಾಜನಿಗೆ ಉಳಿದಿರುವ ಮನೆಗಳು ಬಿ7, ಸಿ7, ಎ8, ಬಿ8, ಸಿ8, ಡಿ8.

ಬಿಳಿ ರಾಜ ಬೇಲಿಯನ್ನು ಬಳಸಿಕೊಂಡು ಅಂಚಿನ ಕಡೆಯಿಂದ ಮೇಲೇರುತ್ತಾನೆ. ಮೊದಲ ನಡೆಯಲ್ಲಿ ಬಿ4ಕ್ಕೆ. ಕಪ್ಪು ರಾಜ ಸಿ7ಕ್ಕೆ. ಎರಡನೆಯದರಲ್ಲಿ ಎ5ಕ್ಕೆ, ಕಪ್ಪು ರಾಜ ಮರಳಿ ಬಿ7ಕ್ಕೆ. ಈಗ ದೊಡ್ಡಿ ಕಿರಿದಾಗುತ್ತದೆ. ಮೂರನೆಯ ನಡೆಯಲ್ಲಿ ಕರಿಮನೆಯ ಒಂಟೆ ಸಿ5ರಿಂದ ಬಿ6ಕ್ಕೆ, ಕಪ್ಪು ರಾಜನ ಮೂಗಿನ ಕೆಳಗೇ ಬಂದು ನಿಲ್ಲುತ್ತದೆ. ಎ5ರಲ್ಲಿ ಬಿಳಿ ರಾಜನಿದ್ದಾನೆ, ಅದನ್ನು ಹೊಡೆಯುವಂತಿಲ್ಲ. ಎ7, ಸಿ7, ಡಿ8 ಮೂರೂ ಒಟ್ಟಿಗೆ ಮುಚ್ಚಿದವು. ಕಪ್ಪು ರಾಜ ಬಿ8ಕ್ಕೆ ಹಿಂದೆ ಸರಿಯುತ್ತಾನೆ. ನಾಲ್ಕನೆಯ ನಡೆಯಲ್ಲಿ ಬಿಳಿ ರಾಜ ಎ6ಕ್ಕೆ ಬಂದು ಬಿ7ರ ಬಾಗಿಲನ್ನೂ ಹಾಕುತ್ತಾನೆ. ಕಪ್ಪು ರಾಜ ಸಿ8ಕ್ಕೆ ಹೋಗುತ್ತಾನೆ. ಇನ್ನು ಅವನಿಗೆ ಮೂರೇ ಮನೆ: ಎ8, ಬಿ8, ಸಿ8.

ಇಲ್ಲಿ ಅವಸರದ ಕೈ ಒಂಟೆಯನ್ನು ಡಿ7ಕ್ಕೆ ಇಟ್ಟು ಚೆಕ್ ಎನ್ನುತ್ತದೆ. ಕಪ್ಪು ರಾಜ ಅದನ್ನು ಹೊಡೆದುಹಾಕುತ್ತಾನೆ, ಆಟ ಡ್ರಾ. ಸರಿಯಾದ ಐದನೆಯ ನಡೆ ಕರಿಮನೆಯ ಒಂಟೆಯನ್ನು ಬಿ6ರಿಂದ ಒಂದು ಮನೆ ಕೆಳಗೆ, ಎ5ಕ್ಕೆ ಇಳಿಸುವುದು. ಅದು ಅದೇ ಓರೆಸಾಲಿನಲ್ಲಿ ಉಳಿಯುತ್ತದೆ, ಸಿ7 ಮತ್ತು ಡಿ8 ಮೊದಲಿನಂತೆಯೇ ಮುಚ್ಚಿರುತ್ತವೆ. ಹಲಗೆಯಲ್ಲಿ ಏನೂ ಬದಲಾಗಲಿಲ್ಲ, ಸರದಿ ಮಾತ್ರ ಎದುರಾಳಿಗೆ ದಾಟಿತು. ಇಡೀ ಆಟದ ಕೀಲಿ ಈ ಖಾಲಿ ನಡೆ. ಚದುರಂಗದಲ್ಲಿ ಸರದಿ ಬಿಟ್ಟುಕೊಡುವ ಹಕ್ಕು ಯಾರಿಗೂ ಇಲ್ಲದ್ದರಿಂದ ಕಪ್ಪು ರಾಜ ಬಿ8ಕ್ಕೆ ಮರಳಲೇಬೇಕು.

ಆರನೆಯ ನಡೆಯಲ್ಲಿ ಬಿಳಿಮನೆಯ ಒಂಟೆ ಡಿ7ಕ್ಕೆ. ಒಂದು ನಡೆ ಮೊದಲು ಆತ್ಮಹತ್ಯೆಯಾಗುತ್ತಿದ್ದದ್ದು ಈಗ ಸಿ8ರ ಬಾಗಿಲಿಗೆ ಬೀಗ. ಕಪ್ಪು ರಾಜ ಎ8ರ ಮೂಲೆಗೆ. ಏಳನೆಯ ನಡೆ ಮತ್ತೊಂದು ಸದ್ದಿಲ್ಲದ ನಡೆ: ಕರಿಮನೆಯ ಒಂಟೆ ಎ5ರಿಂದ ಬಿ4ಕ್ಕೆ. ಕಪ್ಪು ರಾಜನಿಗೆ ಬಿ8 ಬಿಟ್ಟರೆ ದಾರಿಯಿಲ್ಲ. ಎಂಟನೆಯ ನಡೆಯಲ್ಲಿ ಅದೇ ಒಂಟೆ ಡಿ6ಕ್ಕೆ ಏರಿ ಚೆಕ್ ಕೊಡುತ್ತದೆ. ಕಪ್ಪು ರಾಜ ಎ8ಕ್ಕೆ. ಒಂಬತ್ತನೆಯ ನಡೆಯಲ್ಲಿ ಬಿಳಿಮನೆಯ ಒಂಟೆ ಡಿ7ರಿಂದ ಸಿ6ಕ್ಕೆ. ಚೆಕ್‌ಮೇಟ್. ಬಿ8ನ್ನು ಡಿ6ರ ಒಂಟೆ ಕಾಯುತ್ತಿದೆ, ಎ7 ಮತ್ತು ಬಿ7 ಬಿಳಿ ರಾಜನ ವಶದಲ್ಲಿವೆ.

ಮೂರನೆಯ ನಡೆಗೆ ಕಪ್ಪು ರಾಜ ಬಿ8ರ ಬದಲು ಸಿ8ಕ್ಕೆ ಹೋಗಿದ್ದರೆ? ಬಿಳಿ ರಾಜ ಎ6ಕ್ಕೆ ಬಂದಾಗ ಅವನು ಬಿ8ಕ್ಕೆ ಬರಲೇಬೇಕಾಗುತ್ತಿತ್ತು, ಖಾಲಿ ನಡೆಯ ಖರ್ಚಿಲ್ಲದೆ ಒಂಟೆ ನೇರ ಡಿ7ಕ್ಕೆ ಹೋಗುತ್ತಿತ್ತು. ಮೇಟ್ ಒಂದು ನಡೆ ಮೊದಲೇ ಆಗುತ್ತಿತ್ತು. ಓಡುವವನು ಎಷ್ಟು ಹೊತ್ತು ಓಡುತ್ತಾನೆ ಎಂಬುದಷ್ಟೇ ಅವನ ಕೈಯಲ್ಲಿದೆ.

ಈ ಒಂಬತ್ತು ನಡೆಗಳಲ್ಲಿ ಚೆಕ್ ಎಂದದ್ದು ಎರಡೇ ಸಲ, ಅವೂ ಕೊನೆಯ ಎರಡು ನಡೆಗಳಲ್ಲಿ. ಮೊದಲ ಏಳು ನಡೆಗಳೂ ಮನೆ ಕಿತ್ತುಕೊಳ್ಳುವ ಅಥವಾ ಕಾಯುವ ನಡೆಗಳು. ಹೊಸಬರು ಈ ಅಂತ್ಯಾಟದಲ್ಲಿ ಸುಸ್ತಾಗುವುದು ಇದನ್ನು ತಿರುವುಮುರುವು ಮಾಡಿಕೊಳ್ಳುವುದರಿಂದ. ಚೆಕ್ ಕೊಟ್ಟಾಗ ಏನೋ ನಡೆಯುತ್ತಿದೆ ಎನ್ನಿಸುತ್ತದೆ. ನಿಜದಲ್ಲಿ ಇನ್ನೊಂದು ಬಣ್ಣದ ಮನೆಗಳು ತೆರೆದಿರುವಾಗ ಒಂಟೆ ಕೊಡುವ ಚೆಕ್ ರಾಜನಿಗೆ ದಾರಿ ತೋರಿಸಿದಂತೆ. ಇನ್ನೊಂದು ಒಂಟೆ ಆ ಬಾಗಿಲುಗಳನ್ನು ಮೊದಲೇ ಹಾಕಿದ್ದರೆ ಮಾತ್ರ ಚೆಕ್ಕಿಗೆ ಬೆಲೆ.

ಕೊನೆಯ ಹಂತದ ದೊಡ್ಡ ಗಂಡಾಂತರ ಸ್ಟೇಲ್‌ಮೇಟ್. ಮೇಲಿನ ಆಟದ ಏಳನೆಯ ನಡೆಗೆ ಮರಳಿ ಹೋಗೋಣ. ಕಪ್ಪು ರಾಜ ಎ8ರಲ್ಲಿ, ಬಿಳಿ ರಾಜ ಎ6ರಲ್ಲಿ, ಒಂಟೆಗಳು ಎ5 ಮತ್ತು ಡಿ7ರಲ್ಲಿ. ಕರಿಮನೆಯ ಒಂಟೆಯನ್ನು ಸಿ7ಕ್ಕೆ ಇಟ್ಟು ಬಿ8ನ್ನು ಮುಚ್ಚಿಬಿಡೋಣ ಅನ್ನಿಸುವುದು ಸಹಜ. ಇಟ್ಟರೆ ಕಪ್ಪು ರಾಜನಿಗೆ ಚೆಕ್ ಇಲ್ಲ, ಆದರೆ ಹೋಗಲು ಮನೆಯೂ ಇಲ್ಲ. ನಿಯಮದ ಪ್ರಕಾರ ಅದು ಡ್ರಾ. ಅಷ್ಟು ಹೊತ್ತು ಕಟ್ಟಿದ ದೊಡ್ಡಿ ವ್ಯರ್ಥ. ಆ ಘಳಿಗೆಯಲ್ಲಿ ರಾಜನಿಗೆ ಒಂದು ಮನೆಯನ್ನು ಬೇಕೆಂದೇ ಬಿಟ್ಟುಕೊಡಬೇಕು. ಬಿ4ರ ನಡೆ ಮಾಡಿದ್ದು ಅದನ್ನೇ. ಸಿ3, ಡಿ2, ಇ1 ಮನೆಗಳೂ ಅದೇ ಕೆಲಸಕ್ಕೆ ಬರುತ್ತವೆ, ಏಕೆಂದರೆ ಅವುಗಳಿಂದಲೂ ಮುಂದಿನ ನಡೆಯಲ್ಲಿ ಬಿ8ರ ಓರೆಸಾಲಿಗೆ ಹಾರಿ ಚೆಕ್ ಕೊಡಬಹುದು. ಪಂದ್ಯದಲ್ಲಿ ಗಡಿಯಾರದ ಮುಳ್ಳು ಓಡುತ್ತಿರುವಾಗ ಮೂಲೆಯ ರಾಜನಿಗೆ ಉಳಿದ ಮನೆ ಎಷ್ಟು ಎಂದು ಪ್ರತಿ ನಡೆಗೂ ಮೊದಲು ಎಣಿಸುವ ಅಭ್ಯಾಸವೊಂದೇ ಇದಕ್ಕೆ ಮದ್ದು.

ನಡೆಗಳ ಮಿತಿ ಇಲ್ಲಿ ಅಷ್ಟು ಕಾಡುವುದಿಲ್ಲ. ಯಾವ ಕಾಯಿಯನ್ನೂ ಹೊಡೆಯದೆ, ಕಾಲಾಳನ್ನು ಸರಿಸದೆ ಎರಡೂ ಕಡೆಯವರು 50 ನಡೆ ಮುಗಿಸಿದರೆ ಡ್ರಾ ಕೇಳಬಹುದು ಎಂಬುದು ನಿಯಮ. 19ರಲ್ಲಿ ಆಗಬೇಕಾದ ಕೆಲಸಕ್ಕೆ 50 ನಡೆ ಧಾರಾಳ; ದಾರಿ ತಪ್ಪಿ ಒಮ್ಮೆ ರಾಜನನ್ನು ಹೊರಗೆ ಬಿಟ್ಟರೂ ಮತ್ತೆ ಕೂಡಿಹಾಕಲು ಸಮಯವಿದೆ.

ನಿಜವಾದ ಪಂದ್ಯಗಳಲ್ಲಿ ಈ ಅಂತ್ಯಾಟ ಕಾಣಿಸಿಕೊಳ್ಳುವುದು ಅಪರೂಪ. ಎರಡು ಒಂಟೆ ಉಳಿಯುವ ಹೊತ್ತಿಗೆ ಒಂದಾದರೂ ಕಾಲಾಳು ಉಳಿದಿರುತ್ತದೆ, ಅದು ರಾಣಿಯಾಗುತ್ತದೆ. ಇಲ್ಲವೇ ಎದುರಾಳಿ ಅದಕ್ಕೂ ಮೊದಲೇ ಕೈ ಕುಲುಕಿ ಎದ್ದಿರುತ್ತಾನೆ. ಹಾಗಿದ್ದೂ ಆರಂಭದ ಪಾಠಗಳಿಂದ ಇದನ್ನು ಕೈಬಿಡುವುದು ತಪ್ಪು. ಒಂಟೆಗಳ ಜೋಡಿ ಏಕೆ ಬಲಶಾಲಿ ಎಂಬುದನ್ನು ಇಷ್ಟು ಬೆತ್ತಲಾಗಿ ತೋರಿಸುವ ಇನ್ನೊಂದು ಪಾಠ ಚದುರಂಗದಲ್ಲಿಲ್ಲ. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಲ್ಯಾರಿ ಕೌಫ್‌ಮನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಡಿಬಿಡಿಯಾಗಿ ಒಂಟೆಗಳ ಬೆಲೆಗೆ ಮೇಲಿಂದ ಜೋಡಿಗೆಂದೇ ಅರ್ಧ ಕಾಲಾಳಿನಷ್ಟು ಸೇರಿಸಬೇಕೆಂದು ಲೆಕ್ಕ ಹಾಕಿದರು. 1889ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಬಾವರ್ ವಿರುದ್ಧ ಎಮಾನುಯೆಲ್ ಲಾಸ್ಕರ್ ತನ್ನ ಎರಡೂ ಒಂಟೆಗಳನ್ನು ಎಚ್7 ಮತ್ತು ಜಿ7ರಲ್ಲಿ ಬಲಿಕೊಟ್ಟು ರಾಜನ ಕೋಟೆ ಒಡೆದ ಆಟವನ್ನು ಇಂದಿಗೂ ಮಕ್ಕಳಿಗೆ ತೋರಿಸುತ್ತಾರೆ. ಅಲ್ಲೂ ಪಕ್ಕಪಕ್ಕದ ಎರಡು ಓರೆಸಾಲುಗಳೇ ರಾಜನ ಮನೆಗೆ ಗುರಿಯಿಟ್ಟಿದ್ದವು.

ಎದುರಾಳಿಯ ಬಳಿ ಬರಿ ರಾಜನ ಬದಲು ರಾಜನ ಜೊತೆ ಒಂದು ಕುದುರೆಯೂ ಇದ್ದರೆ? ಶತಮಾನಕ್ಕೂ ಹೆಚ್ಚು ಕಾಲ ಇದು ಡ್ರಾ ಎಂದೇ ಆಟಗಾರರು ನಂಬಿದ್ದರು. 1851ರಲ್ಲಿ ಕ್ಲಿಂಗ್ ಮತ್ತು ಹಾರ್ವಿಟ್ಸ್ ಎಂಬಿಬ್ಬರು, ಮೂಲೆಯ ಬಳಿ ಕುದುರೆ ಮತ್ತು ರಾಜ ಒಂದಕ್ಕೊಂದು ಅಂಟಿಕೊಂಡು ನಿಂತರೆ ಒಂಟೆಗಳಿಗೆ ಅದನ್ನು ಬಿಡಿಸಲಾಗದು ಎಂದು ತೋರಿಸಿದ್ದರು. 1983ರಲ್ಲಿ ಕೆನ್ ಥಾಂಪ್ಸನ್ ಕಂಪ್ಯೂಟರಿನಿಂದ ಈ ಅಂತ್ಯಾಟವನ್ನು ಪೂರ್ತಿ ಲೆಕ್ಕ ಹಾಕಿಸಿದಾಗ ಆ ನಂಬಿಕೆ ಬಿದ್ದುಹೋಯಿತು. ಆ ಕೋಟೆಯೂ ಒಡೆಯುತ್ತದೆ, ಸಾಮಾನ್ಯವಾಗಿ ಒಂಟೆಗಳೇ ಗೆಲ್ಲುತ್ತವೆ. ಆದರೆ ಕುದುರೆಯನ್ನು ಹೊಡೆಯುವುದಕ್ಕೇ 66 ನಡೆಗಳವರೆಗೂ ಬೇಕಾಗಬಹುದು. ನಿಯಮ ಕೊಡುವುದು 50. ಹೀಗಾಗಿ ಕಾಗದದ ಮೇಲೆ ಗೆದ್ದ ಕೆಲವು ಆಟಗಳು ಹಲಗೆಯ ಮೇಲೆ ಈಗಲೂ ಡ್ರಾ ಆಗುತ್ತವೆ.